ತೊಳೆಯುವ ಊರು

ಹೊಸದನ್ನು ತೊಳೆದು ತೊಳೆದು
ಹಳೆಯದು ಮಾಡುವ ಊರು ನಮ್ಮದು.
ಕೌಲ್ ಬಜಾರಿನ ಹಿಂದಿನ ಗಲ್ಲಿಯಲ್ಲಿ
ನಾನು ಝಿಪ್ಪು ಕೂಡಿಸುತ್ತೇನೆ, ದಿನಕ್ಕೆ ಇನ್ನೂರು.
ಸುಂಕಮ್ಮ ಉಪ್ಪುಕಾಗದ ಹಿಡಿದು
ಇನ್ನೂ ಯಾರೂ ತೊಡದ ಪ್ಯಾಂಟಿನ ಮೊಣಕಾಲು
ಸವೆಸುತ್ತಾಳೆ.
ಆಮೇಲೆ ಕಲ್ಲು, ಔಷಧಿ, ನೀರು.
ಮೋರಿಯಲ್ಲಿ ನೀಲಿ.
ರಸ್ತೆಯ ಮೇಲೆ ಕೆಂಪು,
ಸಂಡೂರಿನ ಲಾರಿಗಳು ಉದುರಿಸಿ ಹೋದದ್ದು.

ಇಂಥ ಊರಲ್ಲಿ ತಾನಾಗಿಯೇ ಹಳೆಯದಾದ
ಒಂದು ವಸ್ತು ನನಗೆ ಸಿಕ್ಕಿತು:
ಆಗ್ಫಾ ಕ್ಲಿಕ್. ಕರಿ ಡಬ್ಬಿ.
ಸ್ಟುಡಿಯೋ ತೆಗೆದು ಝೆರಾಕ್ಸ್ ಇಟ್ಟ ವಹೀದಣ್ಣ
ಮುನ್ನೂರಕ್ಕೆ ಕೊಟ್ಟ, ಕೊರಳಪಟ್ಟಿ ಇಲ್ಲದೆ.
"ಇದರ ತಲೀಗೆ ಹೋಗೋದು ಎರಡೇ ಮಾತು,
ಬಿಸಿಲು, ಮೋಡ.
ಮೋಡದ ಕಡೆ ನಾನಂತೂ ಒಮ್ಮಿನೂ ತಿರುವಿಲ್ಲ.
ಎರಡು ಮಾರು ದೂರ ನಿಂದ್ರು.
ಹತ್ತಿರ ಹೋದರೆ ಯಾರ ಮುಖಾನೂ
ನೆಟ್ಟಗ ಬರಂಗಿಲ್ಲ."

ಒಂದು ರೀಲಿಗೆ ಎರಡು ದಿನದ ಕೂಲಿ.
ಹನ್ನೆರಡೇ ಫೋಟೋ.
ಮದುವೆ, ನಾಮಕರಣಕ್ಕೆ ಎಲ್ಲರ ಕೈಯಲ್ಲೂ ಫೋನಿದೆ;
ನಾನು ಯಾರೂ ತೆಗೆಯದ್ದನ್ನು ತೆಗೆದೆ.
ಗಾದಿಲಿಂಗನ ಒಗ್ಗರಣೆ ಬಂಡಿ, ಮಿರ್ಚಿ ಮುಗಿದ ಮೇಲೆ.
ನಲ್ಲಿಯ ಮುಂದೆ ಮಂದಿಯ ಬದಲು
ಸಾಲು ನಿಂತ ಕೊಡಗಳು.
ಬಂಡಲುಗಳ ಮೇಲೆ ಬಾಯಿ ತೆರೆದು ಮಲಗಿದ ಎರ್ರಿಸ್ವಾಮಿ,
ಅವನ ಆಟೋದೊಳಗೆ, ಮಧ್ಯಾಹ್ನ.
ಮೀಟರು ಡಬ್ಬಿಯ ಗುಬ್ಬಿ
(ಅದು ಬರಲಿಲ್ಲ. ಹತ್ತಿರ ಹೋಗಿದ್ದೆ).

ಒಂದು ತೆಗೆದರೆ ಗುಂಡಿ ತಿರುವಬೇಕು,
ಡಬ್ಬಿಯ ಬೆನ್ನಿನ ಕೆಂಪು ಕಿಟಕಿಗೆ
ಮುಂದಿನ ಅಂಕಿ ಬರುವ ತನಕ.
ಗುಡ್ಡ ತೆಗೆದ ದಿನ, ಇಡೀ ಗುಡ್ಡ, ಕೋಟೆ ಸಮೇತ,
ಊಟದ ಗಂಟೆ ಮುಗಿಯಿತೆಂದು ಓಡಿದೆ.
ಬಾಗಿಲಲ್ಲಿ, ಬೆಳಕಿಗಾಗಿ,
ಕಾಲು ಚಾಚಿ ಕೂತಿದ್ದಳು ಸುಂಕಮ್ಮ.
ಕಿಟ್ ಎಂದಿತು.
ತಿರುವಿದ್ದೆನೋ ಇಲ್ಲವೋ.

"ರೀಲು ತೊಳೆಸಬೇಕು" ಎಂದರೆ
ಯೂನಿಟ್ಟಿನಲ್ಲಿ ಎಲ್ಲರೂ ನಕ್ಕರು.
ತೊಳೆಯುವುದೆಂದರೆ ಇಲ್ಲಿ ಒಂದೇ ಅರ್ಥ.
ವಹೀದಣ್ಣ ರಾತ್ರಿ ತನ್ನ ಬಚ್ಚಲಲ್ಲಿ
ದೀಪ ಆರಿಸಿ ತೊಳೆದ;
ಬೆಳಿಗ್ಗೆ ನೋಡಿದರೆ ಹಗ್ಗದ ಮೇಲೆ
ಮೊಮ್ಮಗನ ಚಡ್ಡಿಯ ಪಕ್ಕ
ತೂಗುತ್ತಿತ್ತು ನನ್ನ ಒಂದು ತಿಂಗಳು,
ಒಂದೇ ಕ್ಲಿಪ್ಪಿಗೆ.

ಉಳಿದಿದ್ದ ಹಳೇ ಕಾಗದದ ಮೇಲೆ ಒತ್ತಿ ಕೊಟ್ಟ.
"ವಹೀದಣ್ಣ, ರಸ್ತೆ ಕೆಂಪು ಎಲ್ಲಿ?"
"ಅದಾ ನೋಡವಾ, ಆ ಬೂದು."
"ಮೋರಿ ನೀಲಿ?"
"ಅದರ ಬಾಜೂ ಬೂದು."
ಮುಚ್ಚಳ ಸಡಿಲವಂತೆ; ಪ್ರತಿ ಫೋಟೋದ ಮೂಲೆಯಲ್ಲೂ
ಬಳ್ಳಾರಿ ಬಿಸಿಲು ಬೆಳ್ಳಗೆ
ಕರೆಯದೆ ಬಂದ ಬೀಗರ ಹಾಗೆ ಕೂತಿದೆ.

ಏಳನೆಯದರಲ್ಲಿ ಸುಂಕಮ್ಮ ಗುಡ್ಡದ ಮೇಲಿದ್ದಳು.
ಕಾಲು ಚಾಚಿ, ಕೋಟೆಗೋಡೆಗೆ ಬೆನ್ನು ಕೊಟ್ಟು,
ಕೈಯಲ್ಲಿ ಉಪ್ಪುಕಾಗದ.
ಬಂಡೆ ಅವಳ ಸೆರಗಿನೊಳಗಿಂದ ಕಾಣುತ್ತಿತ್ತು.
"ಕೆಟ್ಟುಹೋತು, ಬಿಡು" ಎಂದ ವಹೀದಣ್ಣ,
ಅದಕ್ಕೆ ರೊಕ್ಕ ತಗೊಳ್ಳಲಿಲ್ಲ.

ತೋರಿಸಿದೆ.
ಉಪ್ಪುಕಾಗದ ಕೆಳಗಿಟ್ಟು, ಬೆರಳು ಸೀರೆಗೆ ಒರೆಸಿ,
ಅಂಚು ಹಿಡಿದು ನೋಡಿದಳು ಬಹಳ ಹೊತ್ತು.
ಐವತ್ತೆರಡು ವರ್ಷ ಗುಡ್ಡದ ಬುಡದಲ್ಲೇ ಇದ್ದವಳು.
ಚಿಕ್ಕವಳಿದ್ದಾಗ ಪುರುಸೊತ್ತಿಲ್ಲ,
ಈಗ ಮೊಣಕಾಲಿಲ್ಲ.

"ಅಲ್ಲಲೇ, ಸುಮ್ನ ಕೂತಿದ್ದೆ,
ಯಾವಾಗ ಹತ್ತಿದೆ ಇದನ್ನ?"

"ಮಂಗಳವಾರ" ಎಂದೆ.
"ಹೆಂಗ ಕಾಣ್ತೈತಿ ಅಲ್ಲಿಂದ?"

ಫೋಟೋದಲ್ಲಿ ಇಲ್ಲದ ಕಡೆ,
ಕೆಳಗೆ, ಕಾಗದದ ಅಂಚಿನಾಚೆ,
ಕಣ್ಣು ಕಿರಿದು ಮಾಡಿ ನೋಡಿ,
"ನಮ್ಮ ಮಾಳಿಗೆ ಮ್ಯಾಲೆ" ಎಂದಳು,
"ಯಾರೋ ಪ್ಯಾಂಟು ಒಣಹಾಕ್ಯಾರ.
ಕೇಳಲಾರದ."